ಮೊರಕ್ಕೆ ಸೇರಬೇಕಾಗಿದ್ದ ಅಂಚುಗಳು

ನನ್ನ ದೊಡ್ಡಮ್ಮ ಕತ್ತರಿ ಮುಟ್ಟುತ್ತಿರಲಿಲ್ಲ. ಹಳೆಯ ವಾರಪತ್ರಿಕೆಯ ಹಾಳೆಯನ್ನು ಮೊಣಕಾಲ ಮೇಲೆ ಹರಡಿಕೊಂಡು, ತೋರುಬೆರಳನ್ನು ನೀರಿಗದ್ದಿ, ಹರಿಯಬೇಕಾದ ಕಡೆ ಒಂದು ಒದ್ದೆಗೆರೆ ಎಳೆಯುತ್ತಿದ್ದಳು. ಕಾಗದ ಆ ನೀರನ್ನು ಕುಡಿಯುವಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ಎರಡು ಹೆಬ್ಬೆರಳುಗಳಿಂದ ಮೆಲ್ಲಗೆ ಬಿಡಿಸುತ್ತಿದ್ದಳು. ಹಾಗೆ ಹರಿದ ಅಂಚಿನಲ್ಲಿ ಬಿಳಿಯ ನಾರು ಎದ್ದು ನಿಲ್ಲುತ್ತದೆ. ಅವಳಿಗೆ ಬೇಕಾಗಿದ್ದುದು ಆ ನಾರು. ತಲೆಗೂದಲ ಎಣ್ಣೆಯ ಜಾಹೀರಾತುಗಳಲ್ಲಿದ್ದ ಕಪ್ಪು ಕೂದಲನ್ನೆಲ್ಲ ಹರಿದು ಒಂದರ ಮೇಲೊಂದು ಅಂಟಿಸಿದರೆ ಸಾವನದುರ್ಗದ ಬಂಡೆ ಎದ್ದು ಬರುತ್ತಿತ್ತು. ಬಿಳಿ ನಾರು ಆ ಬಂಡೆಯ ಮೇಲೆ ಮಳೆನೀರು ಇಳಿದ ಗೆರೆಯಾಗುತ್ತಿತ್ತು. ಸಾಬೂನಿನ ಹಸಿರು ಹಿಪ್ಪುನೇರಳೆ ತೋಟವಾಗುತ್ತಿತ್ತು. ಒಡವೆ ಅಂಗಡಿಯ ಹಳದಿಯಲ್ಲಿ ಕೊಯ್ಲಿಗೆ ಬಂದ ರಾಗಿ ಹೊಲ ಮಲಗಿರುತ್ತಿತ್ತು.

"ಕಾಗದಕ್ಕೂ ಒಂದು ಓಟ ಐತೆ ಕಣಮ್ಮಿ," ಎನ್ನುತ್ತಿದ್ದಳು. "ಉದ್ದುಕ್ಕೆ ಹರುದ್ರೆ ಹೇಳ್ದಂಗೆ ಕೇಳ್ತದೆ. ಅಡ್ಡುಕ್ಕೆ ಹರುದ್ರೆ ಜಗಳುಕ್ಕೆ ಬತ್ತದೆ." ರೇಷ್ಮೆಹುಳುವಿನ ತಟ್ಟೆಗೆ ಹಾಸಲು ವರ್ಷಗಟ್ಟಲೆ ಹಳೆಯ ಕಾಗದ ಹರಿದ ಕೈ ಅದು. ಕಲಾಶಾಲೆಯಲ್ಲಿ ಎರಡನೆಯ ಸೆಮಿಸ್ಟರಿನಲ್ಲಿ ಕಲಿಸುವುದನ್ನು ಅವಳು ಹುಳುಮನೆಯಲ್ಲಿ ಕಲಿತಿದ್ದಳು.

ಅವಳು ನನ್ನ ತಾಯಿಯ ಅಕ್ಕ. ಗುಡೇಮಾರನಹಳ್ಳಿಯಲ್ಲಿ ಬಸ್ಸಿಳಿದು ಒಂದಿಷ್ಟು ದೂರ ನಡೆದರೆ ಸಿಗುವ ಊರು. ಊರಿನ ಹೆಸರು ಬರೆಯುವುದಿಲ್ಲ. ಕಾರಣ ಮುಂದೆ ತಿಳಿಯುತ್ತದೆ. ಅವಳ ಚಿತ್ರಗಳಿಗೆ ಚೌಕಟ್ಟಾಗಲಿ ಹಲಗೆಯಾಗಲಿ ಇರಲಿಲ್ಲ, ಮೊರವಿತ್ತು. ನಮ್ಮ ಕಡೆ ಬಿದಿರಿನ ಮೊರದ ಸಂದುಗಳಿಂದ ಸಣ್ಣ ಕಾಳು ಸೋರಬಾರದೆಂದು, ಹಳೆಯ ಕಾಗದವನ್ನು ಎರಡು ದಿನ ನೆನೆಹಾಕಿ, ಮೆಂತ್ಯದ ಜೊತೆ ಒರಳಲ್ಲಿ ರುಬ್ಬಿ, ಆ ಹಿಟ್ಟನ್ನು ಮೊರಕ್ಕೆ ಮೆತ್ತಿ ಒಣಗಿಸುವ ರೂಢಿಯಿದೆ. ಮೆಂತ್ಯದ ಕಹಿಗೆ ಹುಳು ಬರುವುದಿಲ್ಲ. ದೊಡ್ಡಮ್ಮ ಆ ಒಣಗಿದ ಮೊರದ ಮೇಲೆ ಬಣ್ಣದ ತುಂಡುಗಳನ್ನು ಮೆಂತ್ಯದ ಅಂಟಿನಿಂದಲೇ ಅಂಟಿಸಿ ಗೋಡೆಗೆ ತೂಗುಹಾಕುತ್ತಿದ್ದಳು. ಹೀಗೆ ಅವಳ ಮನೆಯಲ್ಲಿ ಪತ್ರಿಕೆಯ ಹಾಳೆ ಎರಡು ದಾರಿ ಹಿಡಿಯುತ್ತಿತ್ತು. ಬಣ್ಣವಿದ್ದ ಭಾಗ ಚಿತ್ರಕ್ಕೆ. ಉಳಿದದ್ದು, ಮುಖ್ಯವಾಗಿ ಬಿಳಿಯ ಅಂಚುಗಳು, ಒರಳಿಗೆ.

ಅಂಚುಗಳು ಒರಳಿಗೆ ಹೋಗಲೇಬೇಕಿತ್ತು. ಅವುಗಳ ಮೇಲೆ ಬರಹವಿತ್ತು.

ನಾನು ಹುಟ್ಟುವ ಮೊದಲೇ ಆರಂಭವಾಗಿದ್ದ ವ್ಯವಸ್ಥೆ ಅದು. ಒಂದೇ ಬೀದಿಯ ಆರು ಮನೆಗಳ ಹೆಂಗಸರು ಒಂದು ವಾರಪತ್ರಿಕೆ ತರಿಸುತ್ತಿದ್ದರು. ಮನೆಗೊಂದು ದಿನ. ಸೊಪ್ಪಿನ ಬಟ್ಟಲ ಕೆಳಗೋ ಮಜ್ಜಿಗೆಯ ಚೊಂಬಿನ ಜೊತೆಗೋ ಪತ್ರಿಕೆ ಮುಂದಿನ ಮನೆಗೆ ದಾಟುತ್ತಿತ್ತು. ದಾಟುವ ಮೊದಲು ಒಬ್ಬೊಬ್ಬರೂ ಅಂಚಿನಲ್ಲಿ ಒಂದೆರಡು ಸಾಲು ಬರೆಯುತ್ತಿದ್ದರು. ಅದೂ ಅಡುಗೆಯ ಪುಟದಲ್ಲಿ, ಹೆಣಿಗೆಯ ಪುಟದಲ್ಲಿ, ಧಾರಾವಾಹಿಯ ಪುಟದಲ್ಲಿ ಮಾತ್ರ. ಅಲ್ಲಿಗೆ ಗಂಡಸರ ಕಣ್ಣು ಹೋಗುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಎರಡನೆಯ ಮನೆಯ ಯಜಮಾನರು ಪದಬಂಧ ಬಿಡಿಸುತ್ತಿದ್ದರಾದ್ದರಿಂದ ಆ ಹಾಳೆಯ ಅಂಚು ಸದಾ ಖಾಲಿ. ಸೊಸೆಯಾಗಿ ಬಂದವರು ಜಗಲಿಯಲ್ಲಿ ಕೂತು ಬಾಯಿಬಿಟ್ಟು ಆಡಲಾಗದ್ದನ್ನು ಅಂಚು ಹೊತ್ತುಕೊಂಡು ಹೋಗುತ್ತಿತ್ತು. ಆರನೆಯ ಮನೆ ದೊಡ್ಡಮ್ಮನದು. ಕೊನೆಗೆ ಓದುವವಳು ಪತ್ರಿಕೆ ಇಟ್ಟುಕೊಳ್ಳಬಹುದು, ಆದರೆ ಅಂಚುಗಳನ್ನು ಹರಿದು ನೆನೆಹಾಕಬೇಕು. ಇದು ದೊಡ್ಡಮ್ಮ ಉಳಿದ ಐವರಿಗೆ ಕೊಟ್ಟ ಮಾತು.

ಅಂಚಿನಲ್ಲಿದ್ದುದರಲ್ಲಿ ಒಂದನ್ನು ಮಾತ್ರ ಇಲ್ಲಿ ಬರೆಯಲು ನನಗೆ ಅನುಮತಿಯಿದೆ. ಅದು ದೊಡ್ಡಮ್ಮನದೇ. ಒಂದು ಪ್ರೇಮಕಥೆಯ ಪಕ್ಕದಲ್ಲಿ ಬರೆದದ್ದು: "ಈ ಹೀರೋನ ಎಂಟು ದಿನ ನಮ್ಮ ಹುಳಕ್ಕೆ ಸೊಪ್ಪು ಕುಯ್ಯಕ್ಕೆ ಕಳಿಸಿ, ಪ್ರೀತಿ ತಾನೇ ಇಳೀತದೆ." ಉಳಿದವುಗಳಲ್ಲಿ ಇಂಥ ನಗೆಯೂ ಇತ್ತು, ಉಪ್ಪು ಹೆಚ್ಚಾದ ಸಾರೂ ಇತ್ತು. ಹೊರಬಿದ್ದರೆ ಒಂದು ಮನೆ ಒಡೆಯಬಹುದಾದಂಥದ್ದೂ ಇತ್ತು.

ಹಾಗಿದ್ದರೆ ಅಂಚುಗಳು ಉಳಿದದ್ದು ಹೇಗೆ? ಪ್ಲಾಸ್ಟಿಕ್ ಮೊರ ಬಂದದ್ದರಿಂದ. ಅದಕ್ಕೆ ಸಂದೂ ಇಲ್ಲ, ಹಿಟ್ಟು ಮೆತ್ತುವ ಅಗತ್ಯವೂ ಇಲ್ಲ. ಬೀದಿಯಲ್ಲಿ ಮೊರ ಮೆತ್ತುವ ಕೆಲಸ ನಿಂತಿತು. ಆದರೆ ಪತ್ರಿಕೆ ಇನ್ನೂ ಕೆಲವು ವರ್ಷ ಸುತ್ತಾಡಿತು, ಅಂಚುಗಳ ಬರವಣಿಗೆಯೂ ನಡೆಯಿತು. ದೊಡ್ಡಮ್ಮ ಪತ್ರಿಕೆಗಳನ್ನು ಹಾಗೆಯೇ ಟ್ರಂಕಿಗೆ ಹಾಕಿ ಬೀಗ ಹಾಕಿದಳು. ಸುಟ್ಟುಬಿಡಬಹುದಿತ್ತಲ್ಲ ಎಂದು ಒಮ್ಮೆ ಕೇಳಿದೆ. "ಓದೋ ಪುಸ್ತಕುಕ್ಕೆ ಬೆಂಕಿ ಇಕ್ಕಕ್ಕಾಯ್ತದಾ?" ಎಂದಳು. ಅವಳ ತಪ್ಪು ಅಷ್ಟೇ: ಮೊರವಿಲ್ಲದೆ ಅಂಚನ್ನು ಏನು ಮಾಡಬೇಕೆಂದು ಅವಳಿಗೆ ತೋಚಲಿಲ್ಲ.

ನನ್ನ ತಪ್ಪು ದೊಡ್ಡದು. ಅದು ವಿಶ್ವವಿದ್ಯಾಲಯದಲ್ಲಿ ಆರಂಭವಾಯಿತು.

ಸ್ನಾತಕೋತ್ತರ ತರಗತಿಯಲ್ಲಿ ನಾನು ಮಂಡಿಸಿದ ಮೊದಲ ಪ್ರಬಂಧ ಈ ಅಂಚುಗಳ ಬಗ್ಗೆ. ಊರಿನ ಹೆಸರು, ಮನೆಯವರ ಹೆಸರು ಇರಲಿಲ್ಲ. ಅಂಚಿನ ಸಾಲುಗಳನ್ನೂ ಎತ್ತಿ ಬರೆದಿರಲಿಲ್ಲ. ಆದರೆ ಆರು ಮನೆಯ ವ್ಯವಸ್ಥೆಯನ್ನು ಪೂರ್ತಿಯಾಗಿ ವಿವರಿಸಿದ್ದೆ, ಟ್ರಂಕ್ ಇನ್ನೂ ಇದೆಯೆಂಬುದನ್ನೂ ಹೇಳಿದ್ದೆ. ಕೊನೆಯ ವಾಕ್ಯ ಹೀಗಿತ್ತು: "ಅಂಚಿನಲ್ಲಿ ಬರೆದದ್ದನ್ನು ಪುಟದ ನಡುವಿಗೆ ತರುವುದು ನಮ್ಮ ಪೀಳಿಗೆಯ ಕರ್ತವ್ಯ." ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ನನ್ನ ಹಾಸ್ಟೆಲಿನ ಕೋಣೆಯ ಗೆಳತಿ.

ಅವಳು ಬೆಂಗಳೂರಿನವಳು, ಚಿತ್ರಕಲೆ ಓದಿ ಬಂದವಳು. ಎರಡು ವರ್ಷ ಒಂದೇ ಕಿಟಕಿಯ ಗಾಳಿ ಕುಡಿದವರು ನಾವು. ಓದು ಮುಗಿದ ಮೇಲೆ ಇಬ್ಬರೂ ಸೇರಿ ಹಳೆಯ ಪತ್ರಿಕೆಗಳಿಂದ ಕೊಲಾಜ್ ಮಾಡುವುದನ್ನು ಕಲಿಸುತ್ತ ಜಿಲ್ಲೆಯೆಲ್ಲ ತಿರುಗಿದೆವು. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವರ ಮನೆಯ ಹೆಣ್ಣುಮಕ್ಕಳು ಅರಗಿನ ಬಣ್ಣಕ್ಕೆ ಸರಿಹೊಂದುವ ಕಾಗದವನ್ನೇ ಹುಡುಕಿ ಹುಡುಕಿ ಹರಿದರು. ಕನಕಪುರದ ಒಂದು ಶಾಲೆಯಲ್ಲಿ ಮದುವೆಯ ಆಮಂತ್ರಣಗಳಿಂದ ಆನೆಯ ಹಿಂಡು ಮಾಡಿಸಿದೆವು. ಬಿಡದಿಯಲ್ಲಿ ಬಾಡಿಗೆಗೆ ಹಿಡಿದ ಶೆಡ್ಡೊಂದರಲ್ಲಿ ಅವಳು ಕೆಲಸ ಮಾಡುತ್ತಿದ್ದಳು. ಪಕ್ಕದ ಹೋಟೆಲಿನಲ್ಲಿ ತಟ್ಟೆ ಇಡ್ಲಿ ತಿನ್ನುತ್ತ ನಮ್ಮ ಘೋಷಣೆಯನ್ನು ರಚಿಸಿದೆವು: ಯಾವ ಕಾಗದವೂ ವ್ಯರ್ಥವಲ್ಲ. ಅದನ್ನು ಬಟ್ಟೆಚೀಲದ ಮೇಲೆ ಅಚ್ಚು ಹಾಕಿಸಿ ಹೆಗಲಿಗೆ ತೂಗುಹಾಕಿಕೊಂಡು ಓಡಾಡಿದೆವು. ಈಗ ಆ ಚೀಲದಲ್ಲಿ ಈರುಳ್ಳಿ ಇಡುತ್ತೇನೆ.

ರಾಮನಗರದ ಒಂದು ಸಂಸ್ಥೆ ನಮಗೆ ಪ್ರದರ್ಶನದ ಅವಕಾಶ ಕೊಟ್ಟಿತು. ದೊಡ್ಡಮ್ಮನ ಮೊರಗಳೂ ಅಲ್ಲಿ ಇರಬೇಕು, ಅವಳ ಹೆಸರಿನಲ್ಲೇ ಇರಬೇಕು ಎಂದು ನಾನು ಪಟ್ಟು ಹಿಡಿದೆ. ಗೆಳತಿ ಕೂಡಲೇ ಒಪ್ಪಿದಳು. ಬಣ್ಣದ ಕಾಗದ ಬೇಕಾಗಿತ್ತು, ಟ್ರಂಕಿನಲ್ಲಿ ರಾಶಿ ಇತ್ತು. ಇಬ್ಬರೂ ಹೋಗಿ ದೊಡ್ಡಮ್ಮನ ಮನೆಯಲ್ಲಿ ನಾಲ್ಕು ದಿನ ಉಳಿದೆವು.

ದೊಡ್ಡಮ್ಮ ಬೀಗ ತೆಗೆಯುವ ಮೊದಲು ಗೆಳತಿಯನ್ನು ಎದುರಿಗೆ ಕೂರಿಸಿಕೊಂಡಳು.

"ನೋಡವ್ವ, ಬಣ್ಣ ಎಷ್ಟು ಬೇಕಾದ್ರೂ ತಕೋ. ಅಂಚು ಮಾತ್ರ ಮೊದ್ಲು ನಾನು ಹರ್ಕತೀನಿ."

"ಅಂಚಲ್ಲಿ ಏನಿದೆ ದೊಡ್ಡಮ್ಮ?" ಗೆಳತಿ ಗೊತ್ತಿಲ್ಲದವಳಂತೆ ಕೇಳಿದಳು. ಆಗ ನಾನು ಅದನ್ನು ಅವಳ ಸೌಜನ್ಯವೆಂದುಕೊಂಡೆ.

"ಏನೂ ಇಲ್ಲ, ನಮ್ಮ ತಲೆಹರಟೆ. ನಿಂಗ್ಯಾಕೆ? ನೀನು ಮುದ್ದೆ ಮುರಿಯೋದು ಕಲಿ ಮೊದ್ಲು. ನೆನ್ನೆ ರಾತ್ರಿ ತಿಂದಿದ್ದ ನೋಡುದ್ರೆ ಮುದ್ದೆಗೇ ಅಳು ಬರ್ಬೇಕು."

ಗೆಳತಿ ಜೋರಾಗಿ ನಕ್ಕಳು. ಮಧ್ಯಾಹ್ನದ ಊಟಕ್ಕೆ ದೊಡ್ಡಮ್ಮ ಅವಳ ಮುದ್ದೆಯನ್ನು ತಾನೇ ಮುರಿದು ಬಸ್ಸಾರಿಗೆ ಅದ್ದಿ ಕೊಟ್ಟಳು. ಈ ನೆನಪು ನನ್ನನ್ನು ಇಂದಿಗೂ ಕೆರಳಿಸುತ್ತದೆ. ಅಪರಿಚಿತರು ಮಾಡಿದ ಅನ್ಯಾಯಕ್ಕೆ ಕೋಪವೊಂದು ಸಾಕು. ಮುದ್ದೆ ಮುರಿಸಿಕೊಂಡು ತಿಂದವಳ ಅನ್ಯಾಯಕ್ಕೆ ಯಾವ ಭಾವನೆ ಸಾಕಾಗುತ್ತದೆ?

ದೊಡ್ಡಮ್ಮ ಮೂರು ದಿನ ಕೂತು ಅಂಚುಗಳನ್ನು ಹರಿದಳು. ಉದ್ದುದ್ದನೆಯ ಬಿಳಿ ಪಟ್ಟಿಗಳು ಒಂದು ಗೋಣಿಚೀಲದಲ್ಲಿ ಅರ್ಧದಷ್ಟು ತುಂಬಿದವು. ನಡುವೆ ಯಾವುದೋ ಸಾಲು ಓದಿ ಒಬ್ಬಳೇ ನಗುತ್ತಿದ್ದಳು. ಒಮ್ಮೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. ಏನೆಂದು ನಾನು ಕೇಳಲಿಲ್ಲ. "ಬುಧವಾರ ನೆನೆ ಆಕ್ಬುಡ್ತೀನಿ," ಎಂದು ಚೀಲದ ಬಾಯಿ ಕಟ್ಟಿ ಹುಳುಮನೆಯ ಮೂಲೆಯಲ್ಲಿಟ್ಟಳು.

ನಾಲ್ಕನೆಯ ದಿನ ಬೆಳಗ್ಗೆ ದೊಡ್ಡಮ್ಮ ತೋಟಕ್ಕೆ ಹೋಗಿದ್ದಳು. ನಾವು ಬಣ್ಣದ ಕಾಗದದ ಕಟ್ಟುಗಳನ್ನು ಗಾಡಿಗೆ ತುಂಬುತ್ತಿದ್ದೆವು. ಗೆಳತಿ ಚೀಲದ ಕಡೆ ನೋಡಿ, "ಇದನ್ನೂ ಹಾಕ್ಕೊಳ್ಳೋಣ್ವಾ? ಬೇಸ್ ಮಾಡೋಕೆ ನನಗೆ ಪಲ್ಪ್ ಬೇಕೇ ಬೇಕು. ಇಲ್ಲಿ ಒರಳಲ್ಲಿ ಅವರ್ಯಾಕೆ ಕೈ ನೋಯಿಸ್ಕೋಬೇಕು? ಶೆಡ್ಡಲ್ಲಿ ಗ್ರೈಂಡರ್ ಇದೆ," ಎಂದಳು.

ಒಂದು ಕ್ಷಣ ಯೋಚಿಸಿದೆ. ಒಂದೇ ಕ್ಷಣ. ಹೇಗೂ ಹಿಟ್ಟಾಗುವುದೇ ಅಲ್ಲವೆ? ಇಲ್ಲಿ ಆದರೇನು, ಬಿಡದಿಯಲ್ಲಿ ಆದರೇನು? ಯಾವ ಕಾಗದವೂ ವ್ಯರ್ಥವಲ್ಲ. ಚೀಲವನ್ನು ನಾನೇ ಎತ್ತಿ ಗಾಡಿಯಲ್ಲಿಟ್ಟೆ. ದೊಡ್ಡಮ್ಮ ಬಂದಾಗ, "ಅಂಚು ಅವಳೇ ರುಬ್ತಾಳಂತೆ," ಎಂದೆ. ಅವಳು ಗೆಳತಿಯ ಮುಖ ನೋಡಲಿಲ್ಲ, ನನ್ನ ಮುಖ ನೋಡಿದಳು.

"ನೀನು ನೋಡ್ಕತೀಯಾ?"

"ನೋಡ್ಕೋತೀನಿ ದೊಡ್ಡಮ್ಮ."

ನಾನು ನೋಡಿಕೊಳ್ಳಲಿಲ್ಲ. ಆಮಂತ್ರಣ ಪತ್ರ, ಭಾಷಣ, ಪತ್ರಿಕಾ ಪ್ರಕಟಣೆ ಬರೆಯುವುದರಲ್ಲಿ ಮುಳುಗಿದ್ದೆ. ಶೆಡ್ಡಿಗೆ ಎರಡು ಸಲ ಹೋದಾಗಲೂ ಚೀಲ ಎಲ್ಲಿ ಎಂದು ಕೇಳಲಿಲ್ಲ.

ಪ್ರದರ್ಶನದ ದಿನ ಆರು ಮನೆಯ ಹೆಂಗಸರು ಒಂದು ಟೆಂಪೋ ಮಾಡಿಕೊಂಡು ರಾಮನಗರಕ್ಕೆ ಬಂದರು. ದೊಡ್ಡಮ್ಮನೇ ಮನೆಮನೆಗೆ ಹೋಗಿ ಕರೆದಿದ್ದಳು. ನಾನು ಬಾಗಿಲಲ್ಲಿ ಕಾಯುತ್ತಿದ್ದೆ. ಇಳಿಯುವಾಗಲೇ ಅವರ ಗದ್ದಲ ಸಭಾಂಗಣದೊಳಗೆಲ್ಲ ಕೇಳಿಸಿತು.

"ಏನಕ್ಕ, ನಿನ್ ಚಿತ್ರ ನೋಡಕ್ಕೆ ಟಿಕೇಟ್ ಗಿಕೇಟ್ ಐತಾ?"

"ನಿಂಗೆ ಎರಡು ಟಿಕೇಟು. ಬಾಗ್ಲಲ್ಲಿ ಒಂದೇ ಸಲಕ್ಕೆ ಹಿಡುಸ್ತೀಯೇನೆ ನೀನು?"

"ನಗ್ರಮ್ಮ ನಗ್ರಿ. ಒಳಗೆ ಫೋಟೋ ತಗಿತಾರಂತೆ, ಆಮೇಲೆ ಮೂತಿ ಊದುಸ್ಕಬೇಡಿ."

ದೊಡ್ಡಮ್ಮನ ನಾಲ್ಕು ಮೊರಗಳು ಎದುರುಗೋಡೆಯಲ್ಲಿದ್ದವು. ಕೆಳಗೆ ಅವಳ ಹೆಸರಿನ ಚೀಟಿ. ಅವಳು ಅದರ ಮೇಲೆ ಬೆರಳಾಡಿಸಿ, ಯಾರಾದರೂ ನೋಡಿದರೇನೋ ಎಂದು ಕೈ ಹಿಂತೆಗೆದುಕೊಂಡಳು. ಹೆಂಗಸರು ಬಂಡೆಯಲ್ಲಿ ಯಾವ ನಟಿಯ ಕೂದಲಿದೆ ಎಂದು ಪಣ ಕಟ್ಟತೊಡಗಿದರು. ಆ ಅರ್ಧಗಂಟೆ ನನ್ನ ಬದುಕಿನ ಅತ್ಯಂತ ಹೆಮ್ಮೆಯ ಅರ್ಧಗಂಟೆ. ಈಗ ನೆನೆದರೆ ನನ್ನ ಮೇಲೆ ನನಗೇ ಕರುಣೆ ಬರುತ್ತದೆ.

ಪಕ್ಕದಲ್ಲೊಂದು ಸಣ್ಣ ಕೋಣೆಯಿತ್ತು. ಗೆಳತಿಯ ಹೊಸ ಕೃತಿ ಅಲ್ಲಿತ್ತು. ಉದ್ಘಾಟನೆಯವರೆಗೆ ಯಾರಿಗೂ ತೋರಿಸುವುದಿಲ್ಲವೆಂದು ಪರದೆ ಎಳೆದಿದ್ದಳು. ಪರದೆ ತೆಗೆದ ಮೇಲೆ ನಾನು ಒಳಗೆ ಹೋದಾಗ ಅಲ್ಲಿ ಮೊದಲೇ ಒಬ್ಬಳು ನಿಂತಿದ್ದಳು. ಆರು ಮನೆಗಳಲ್ಲೊಂದರ ಮಗಳು, ರಾಮನಗರದಲ್ಲೇ ಬಿ.ಎಡ್. ಓದುತ್ತಿದ್ದವಳು, ತಾಯಿಯನ್ನು ನೋಡಲು ಕಾಲೇಜಿನಿಂದ ಬಂದಿದ್ದಳು. ಗೋಡೆಗೆ ಬೆನ್ನು ಕೊಟ್ಟು, ದುಪಟ್ಟಾವನ್ನು ಎರಡೂ ಕೈಗಳಿಂದ ಅಗಲಿಸಿ ಹಿಡಿದು ನಿಂತಿದ್ದಳು. ಅವಳ ಎಡಕ್ಕೂ ಬಲಕ್ಕೂ ಬಿದಿರಿನ ಮೊರಗಳು ಸಾಲಾಗಿ ತೂಗುತ್ತಿದ್ದವು. ಎಣಿಸಿದೆ. ಕಾಣುವಂತೆ ಐದು, ಆರನೆಯದು ಅವಳ ಬೆನ್ನ ಹಿಂದೆ. ಪ್ರತಿ ಮೊರದ ಮೇಲೂ ನಡುವಿನಿಂದ ಅಂಚಿನವರೆಗೆ ಉದ್ದುದ್ದನೆಯ ಬಿಳಿ ಪಟ್ಟಿಗಳು, ಪಟ್ಟಿಗಳ ಮೇಲೆ ಬರಹ. ಕೈಬರಹ ಹೊಂದಿಸಿ, ಮನೆಗೊಂದು ಮೊರದಂತೆ ವಿಂಗಡಿಸಿ ಅಂಟಿಸಲಾಗಿತ್ತು. ಆರು ಮನೆಯ ವ್ಯವಸ್ಥೆಯನ್ನು ಗೆಳತಿಗೆ ವಿವರಿಸಿದ್ದು ನನ್ನ ಪ್ರಬಂಧ.

"ಅಕ್ಕಾ," ಎಂದಳು ಹುಡುಗಿ, ತುಟಿ ಮಾತ್ರ ಅಲುಗಿಸುತ್ತ. "ಇದು ನಮ್ಮ ಡಬ್ಬದ ಅಕ್ಷರ."

ಅವರ ಅಡುಗೆಮನೆಯಲ್ಲಿ ತೊಗರಿ, ಹುರುಳಿ, ಅವರೆಯ ಡಬ್ಬಗಳ ಮೇಲೆ ತಾಯಿ ಬರೆದು ಅಂಟಿಸಿದ ಚೀಟಿಗಳನ್ನು ಅವಳು ಹುಟ್ಟಿದಾಗಿನಿಂದ ನೋಡಿದ್ದಳು. ಅವಳ ಅಪ್ಪನೂ ನೋಡಿದ್ದರು. ಅವಳು ಓದಿದ್ದ ನಾಲ್ಕು ಸಾಲು ಅವಳ ತಾಯಿ ಗಂಡನಿಗೆ ಹೇಳದೆ ತನ್ನಷ್ಟಕ್ಕೆ ಕೈಗೊಂಡ ಒಂದು ತೀರ್ಮಾನದ ಬಗ್ಗೆ ಇತ್ತು. ಏನೆಂದು ಬರೆಯುವುದಿಲ್ಲ. ಇಷ್ಟು ಬರೆದದ್ದೂ ಆಕೆಯನ್ನು ಕೇಳಿಯೇ. ಆ ಮನುಷ್ಯ ಇಂದಿಗೂ ಅದೇ ಮನೆಯಲ್ಲಿ ಉಣ್ಣುತ್ತಾರೆ. ಅವರಿಗೆ ಅದು ತಿಳಿಯಬಾರದೆಂಬುದೊಂದನ್ನೇ ಆಕೆ ಇಷ್ಟು ವರ್ಷ ಕಾಯ್ದುಕೊಂಡು ಬಂದಿದ್ದಳು.

ಮೊರಗಳ ಪಕ್ಕದಲ್ಲಿ ಅಂದವಾದ ಚೀಟಿಯಿತ್ತು. "ಆರು ಮನೆ. ಅಜ್ಞಾತ ಗ್ರಾಮೀಣ ಮಹಿಳೆಯರ ದನಿ. ಮರುಬಳಕೆಯ ಕಾಗದ, ಬಿದಿರು, ಸಾಂಪ್ರದಾಯಿಕ ಮೆಂತ್ಯದ ಅಂಟು." ಕೆಳಗೆ ದಪ್ಪಕ್ಷರದಲ್ಲಿ ಗೆಳತಿಯ ಹೆಸರು. ಅವಳು ಮಾತ್ರ ಅಜ್ಞಾತಳಾಗಿರಲಿಲ್ಲ.

ಅಷ್ಟರಲ್ಲಿ ಹೆಂಗಸರು ನಗುತ್ತ ಒಳಬಂದರು. ನಗು ಒಮ್ಮೆಲೇ ನಿಲ್ಲಲಿಲ್ಲ. ಒಬ್ಬೊಬ್ಬರದಾಗಿ ನಿಂತಿತು, ತಮ್ಮ ತಮ್ಮ ಅಕ್ಷರ ಕಂಡಂತೆ. ಯಾರೂ ಕೂಗಾಡಲಿಲ್ಲ. ದುಪಟ್ಟಾ ಹಿಡಿದ ಮಗಳನ್ನು ತಾಯಿ ನೋಡಿದಳು, ಅವಳ ಬೆನ್ನ ಹಿಂದೆ ಏನಿದೆಯೆಂದು ತಿಳಿದಳು. ಆಮೇಲೆ ದೊಡ್ಡಮ್ಮನ ಕಡೆ ತಿರುಗಿದಳು.

"ಅಕ್ಕ, ನೀನಾ?"

ದೊಡ್ಡಮ್ಮ ನನ್ನ ಕಡೆ ಬೆರಳು ತೋರಿಸಬಹುದಿತ್ತು. ತೋರಿಸಲಿಲ್ಲ. "ನಾನೇ ಕಣವ್ವ," ಎಂದಳು. "ನಾನೇ ಕೊಟ್ಟೆ."

ಟೆಂಪೋ ಹೊರಟಾಗ ದೊಡ್ಡಮ್ಮನ ಪಕ್ಕದ ಸೀಟು ಖಾಲಿ ಇತ್ತು. ಹಿಂದಿನ ಸೀಟಿನಲ್ಲಿ ಉಳಿದ ಐವರೂ ಒತ್ತಿಕೊಂಡು ಕೂತಿದ್ದರು.

ಗೆಳತಿಯನ್ನು ಸಭಾಂಗಣದ ಹಿಂದಿನ ಮೊಗಸಾಲೆಯಲ್ಲಿ ಹಿಡಿದು ನಿಲ್ಲಿಸಿದೆ. ಮಧ್ಯಾಹ್ನದ ಬಿಸಿಲು, ಒಳಗಿನಿಂದ ಯಾರದೋ ಭಾಷಣ ಕೇಳುತ್ತಿತ್ತು.

"ಅದು ಪಲ್ಪ್ ಆಗಬೇಕಿತ್ತು," ಎಂದೆ.

"ರುಬ್ಬೋಕೆ ಅಂತ್ಲೇ ಚೀಲ ಬಿಚ್ಚಿದೆ. ಓದಿದೆ. ಓದಿದ ಮೇಲೆ ಗ್ರೈಂಡರಿಗೆ ಹಾಕೋಕಾಗ್ಲಿಲ್ಲ. ನಿನ್ ಕೈಲಿ ಆಗ್ತಿತ್ತಾ, ನಿಜ ಹೇಳು?"

"ಕೇಳಬೇಕಿತ್ತು."

"ಕೇಳಿದ್ರೆ ಬೇಡ ಅಂತಿದ್ರಿ."

ಎಷ್ಟು ಸರಳವಾಗಿ ಹೇಳಿದಳು! ನಮ್ಮ ಉತ್ತರ ಅವಳಿಗೆ ಮೊದಲೇ ಗೊತ್ತಿತ್ತು, ಆದ್ದರಿಂದಲೇ ಪ್ರಶ್ನೆ ಕೇಳಲಿಲ್ಲ.

"ಒಂದೇ ಒಂದು ಹೆಸರಿಲ್ಲ ಅದರಲ್ಲಿ," ಎಂದಳು. "ಯಾರಿಗೆ ಗೊತ್ತಾಗುತ್ತೆ?"

"ಆ ಬೀದೀಲಿ ಅಕ್ಷರ ನೋಡಿದ್ರೆ ಸಾಕು, ಹೆಸರು ಬೇಡ. ಬರೆದವಳ ಮಗಳು ಒಂದು ನಿಮಿಷದಲ್ಲಿ ಗುರುತಿಸಿದ್ಲು."

ಅವಳ ಕಣ್ಣಲ್ಲಿ ನೀರಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಬಾಯಿಂದ ಬಂದದ್ದು ಬೇರೆ. "ನಿನ್ನ ಪ್ರಬಂಧ ನೆನಪಿದ್ಯಾ? ಅಂಚಿನಲ್ಲಿ ಬರೆದದ್ದನ್ನ ಪುಟದ ನಡುವಿಗೆ ತರೋದು ನಮ್ಮ ಕರ್ತವ್ಯ. ನೀನು ಬರೆದೆ. ನಾನು ತಂದೆ. ಈಗ ನನ್ನೊಬ್ಬಳನ್ನೇ ಬೈತೀಯಲ್ಲ."

ಉತ್ತರ ಈಗ ಹೊಳೆಯುತ್ತದೆ. ಆ ಹೆಂಗಸರು ಅಂಚನ್ನು ಆರಿಸಿಕೊಂಡಿದ್ದರು. ಯಾರೂ ಅವರನ್ನು ಅಲ್ಲಿಗೆ ತಳ್ಳಿರಲಿಲ್ಲ. ನಡುಪುಟದಲ್ಲಿ ಗಂಡಸರ ಕಣ್ಣಿತ್ತು, ಆದ್ದರಿಂದ ಅವರು ಅಂಚಿಗೆ ಹೋದರು. ಅದನ್ನು ನಾನು ಮೂಕತನವೆಂದು ಓದಿದೆ, ಚಪ್ಪಾಳೆಯನ್ನೂ ಗಿಟ್ಟಿಸಿದೆ.

ಮರುದಿನ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಒಂದು ಬಕೆಟ್ಟು, ಎರಡು ಹಳೆಯ ಸೀರೆಯ ತುಂಡು ಹಿಡಿದುಕೊಂಡು ಸಭಾಂಗಣಕ್ಕೆ ಹೋದೆ. ಬಿ.ಎಡ್. ಹುಡುಗಿ ನನಗಿಂತ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದಳು. ನಾನು ಕರೆದಿರಲಿಲ್ಲ.

ಸಂಸ್ಥೆಯ ವ್ಯವಸ್ಥಾಪಕರು ಓಡಿಬಂದರು. "ಮೇಡಂ, ಕಲಾಕೃತಿ ಮುಟ್ಟೋ ಹಾಗಿಲ್ಲ. ಪ್ರದರ್ಶನ ಮುಗಿಯೋವರೆಗೆ ಅದು ನಮ್ಮ ಜವಾಬ್ದಾರಿ."

"ನಿಮ್ಮ ಜವಾಬ್ದಾರಿಯೇ? ಹಾಗಾದರೆ ಹೇಳಿ, ಇದನ್ನು ಬರೆದವರ ಒಪ್ಪಿಗೆ ಎಲ್ಲಿದೆ?"

"ಅದು ಕಲಾವಿದರಿಗೆ ಬಿಟ್ಟಿದ್ದು."

"ಎದುರುಗೋಡೆಯ ಮೊರಗಳ ಕಲಾವಿದೆ ಇದನ್ನು ನನಗೆ ಬಿಟ್ಟಿದ್ದಾರೆ. ನಾನು ಈಗ ನೋಡಿಕೊಳ್ಳುತ್ತೇನೆ. ಮೊರ ನಿಮ್ಮದು, ಇಟ್ಟುಕೊಳ್ಳಿ. ಕಾಗದ ನಮ್ಮದು."

ರಾಸಾಯನಿಕ ಅಂಟು ಹಾಕಿದ್ದರೆ ನಾನು ಸೋಲುತ್ತಿದ್ದೆ. ಆದರೆ ಗೆಳತಿಗೆ ಸಾಂಪ್ರದಾಯಿಕತೆಯ ಹೆಮ್ಮೆ ಬೇಕಾಗಿತ್ತು. ದೊಡ್ಡಮ್ಮ ಹೇಳಿಕೊಟ್ಟ ಮೆಂತ್ಯದ ಅಂಟನ್ನೇ ಬಳಸಿದ್ದಳು. ಮೆಂತ್ಯದ ಅಂಟು ನೀರು ತಾಕಿದರೆ ಸಡಿಲವಾಗುತ್ತದೆ. ಒದ್ದೆ ಬಟ್ಟೆಯನ್ನು ಮೊರಕ್ಕೆ ಒತ್ತಿ ಹಿಡಿದು, ಕಾಗದ ನೀರು ಕುಡಿಯುವಷ್ಟು ಹೊತ್ತು ಕಾದೆ, ದೊಡ್ಡಮ್ಮ ಕಾಯುತ್ತಿದ್ದಂತೆ. ಪಟ್ಟಿಗಳು ಒಂದೊಂದಾಗಿ ಬಿಟ್ಟುಕೊಂಡವು. ಬಾಲ್‌ಪೆನ್ನಿನ ಶಾಯಿ ಮಾತ್ರ ಕದಲಲಿಲ್ಲ.

"ಓದ್ಬೇಡಿ ಅಕ್ಕ," ಎಂದಳು ಹುಡುಗಿ. ಅವಳು ತಾಯಿಯ ಮೊರವನ್ನು ತಾನೇ ತೆಗೆದುಕೊಂಡು ಮುಖ ತಿರುಗಿಸಿ ಬಿಡಿಸುತ್ತಿದ್ದಳು. ನಾನೂ ಪಟ್ಟಿಗಳನ್ನು ಮಗುಚಿ ಬಕೆಟ್ಟಿಗೆ ಹಾಕಿದೆ. ಮೆಂತ್ಯದ ವಾಸನೆ ಕೋಣೆಯಲ್ಲೆಲ್ಲ ಹರಡಿತು. ವ್ಯವಸ್ಥಾಪಕರು ಫೋನಿನಲ್ಲಿ ಚಿತ್ರ ತೆಗೆಯಲು ಬಂದಾಗ ಹುಡುಗಿ ಒದ್ದೆ ಬಟ್ಟೆ ಹಿಡಿದೇ ಎದ್ದು ನಿಂತಳು. ಅವರು ಫೋನನ್ನು ಜೇಬಿಗಿಟ್ಟರು.

ಸಂಸ್ಥೆಗೂ ಗೆಳತಿಗೂ ಪತ್ರ ಬರೆದೆ. ಒಪ್ಪಿಗೆಯಿಲ್ಲದೆ ಬೇರೆಯವರ ಬರಹವನ್ನು ತೂಗುಹಾಕಲು ಯಾರು ಅನುಮೋದಿಸಿದರು, ಹಿಂದಿನ ದಿನ ತೆಗೆದ ಛಾಯಾಚಿತ್ರಗಳು ಎಲ್ಲೆಲ್ಲಿವೆ, ಅವುಗಳನ್ನು ಅಳಿಸಿದ್ದಕ್ಕೆ ಪುರಾವೆ ಏನು, ಅದೇ ಸಭಾಂಗಣದಲ್ಲಿ ಆ ಐವರ ಮುಂದೆ ಯಾರು ಬಂದು ನಿಲ್ಲುತ್ತಾರೆ ಎಂದು ಕೇಳಿದೆ. ಸಂಸ್ಥೆಯಿಂದ ಎರಡು ಸಾಲಿನ ಉತ್ತರ ಬಂತು: ಯಾರ ಭಾವನೆಗಳಿಗಾದರೂ ಧಕ್ಕೆಯಾಗಿದ್ದರೆ ವಿಷಾದಿಸುತ್ತೇವೆ. ನಾನು ಭಾವನೆಯ ಬಗ್ಗೆ ಕೇಳಿರಲಿಲ್ಲ. ಒಪ್ಪಿಗೆಯ ಬಗ್ಗೆ ಕೇಳಿದ್ದೆ. ಗೆಳತಿ ಛಾಯಾಚಿತ್ರಗಳನ್ನು ಅಳಿಸಿದ್ದೇನೆಂದು ಸಂದೇಶ ಕಳಿಸಿದಳು. ಜೊತೆಗೆ, "ಒಂದು ದಿನ ನಿನಗೆ ಅರ್ಥವಾಗುತ್ತದೆ," ಎಂದಿದ್ದಳು. ಇಲ್ಲ. ಅರ್ಥಮಾಡಿಕೊಳ್ಳುವ ಕೆಲಸವನ್ನು ನನಗೆ ವಹಿಸಿ ಹೋಗುವ ಹಕ್ಕು ಅವಳಿಗಿಲ್ಲ. ಉತ್ತರಿಸಬೇಕಾದವಳು ಅವಳು. ಪತ್ರವನ್ನು ಪ್ರತಿ ತಿಂಗಳೂ ಮತ್ತೆ ಕಳಿಸುತ್ತೇನೆ, ಉತ್ತರ ಬರುವವರೆಗೂ ಕಳಿಸುತ್ತೇನೆ.

ಆದರೆ ಅಂದು ಬಕೆಟ್ಟು ಹಿಡಿದು ಮಾಗಡಿ ಬಸ್ಸು ಹತ್ತಿದಾಗ ನನ್ನ ತಲೆಯಲ್ಲಿ ಪತ್ರವಿರಲಿಲ್ಲ. "ನೀನು ನೋಡ್ಕತೀಯಾ?" ಎಂಬ ಪ್ರಶ್ನೆಯಿತ್ತು.

ದೊಡ್ಡಮ್ಮ ಜಗಲಿಯಲ್ಲಿ ಒಬ್ಬಳೇ ಕೂತಿದ್ದಳು. ಆ ಹೊತ್ತಿಗೆ ಅಲ್ಲಿ ಸಾಮಾನ್ಯವಾಗಿ ಮೂರು ನಾಲ್ಕು ಜನ ಇರುತ್ತಿದ್ದರು. ಬಕೆಟ್ಟಿನೊಳಗೆ ನೋಡಿದಳು, ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

"ಎಲ್ಲಾ ಬಂದ್ವಾ?"

"ಎಲ್ಲಾ ಬಂದ್ವು."

"ನಿಮ್ ಹುಡ್ಗಿ ಮುದ್ದೆ ನುಂಗೋದ ಕಲುತ್ಬುಟ್ಲು ಬುಡು," ಎಂದಳು. ಅದೊಂದೇ ಮಾತು, ಗೆಳತಿಯ ಬಗ್ಗೆ ಅವಳು ಇಂದಿನವರೆಗೆ ಆಡಿರುವುದು. "ನಾನೇ ಕೊಟ್ಟೆ ಅಂತ ಯಾಕೆ ಹೇಳ್ದೆ ದೊಡ್ಡಮ್ಮ? ಕೊಟ್ಟವಳು ನಾನು," ಎಂದೆ.

"ಮಾತು ಕೊಟ್ಟಿದ್ದೋಳು ನಾನಲ್ವಾ?"

ಎರಡು ದಿನ ನೆನೆಹಾಕಿ, ಮೂರನೆಯ ದಿನ ಒರಳಿಗೆ ಹಾಕಿದೆವು. ರುಬ್ಬಿದವಳು ನಾನು, ಅವಳು ಮೆಂತ್ಯ ಹಾಕುತ್ತ, ನೀರು ಚಿಮುಕಿಸುತ್ತ ಪಕ್ಕದಲ್ಲಿ ಕೂತಿದ್ದಳು. ಅಕ್ಷರಗಳು ಮೊದಲು ತುಂಡಾದವು, ಆಮೇಲೆ ನೀಲಿ ಚುಕ್ಕೆಯಾದವು, ಕೊನೆಗೆ ಹಿಟ್ಟೆಲ್ಲ ಒಂದೇ ಮಾಸಲು ಬೂದಿ ಬಣ್ಣಕ್ಕೆ ತಿರುಗಿತು. ಅಟ್ಟದಲ್ಲಿದ್ದ ಹಳೆಯ ಬಿದಿರಿನ ಮೊರಗಳನ್ನು ಇಳಿಸಿ ಮೆತ್ತಿದೆವು. ಐದು ಮೊರಕ್ಕೆ ಸಾಕಾಯಿತು. ಬಣ್ಣದ ಚಿತ್ರ ಅಂಟಿಸಲೇ ಎಂದು ಕೇಳಿದೆ. ದೊಡ್ಡಮ್ಮ ತಲೆಯಾಡಿಸಿದಳು. "ಬೇಡ. ಮೊರ ಮೊರದಂಗಿರ್ಲಿ."

ಒಣಗಿದ ಮೇಲೆ ಮೊದಲ ಮೊರ ಹಿಡಿದು ಬಿ.ಎಡ್. ಹುಡುಗಿಯ ತಾಯಿಯ ಮನೆಗೆ ಹೋದೆವು. ಆಕೆ ಅಂಗಳದಲ್ಲಿ ಪ್ಲಾಸ್ಟಿಕ್ ಮೊರದಲ್ಲಿ ಅವರೆಕಾಳು ಕೇರುತ್ತಿದ್ದಳು. ಗಂಡ ಮನೆಯಲ್ಲಿರಲಿಲ್ಲ, ಸೊಪ್ಪು ತರಲು ಹೋಗಿದ್ದರಂತೆ. ಅವರಿಗೆ ಏನೂ ತಿಳಿದಿರಲಿಲ್ಲ. ಮಗಳು ಹೇಳಿರಲಿಲ್ಲ, ಉಳಿದ ಹೆಂಗಸರೂ ಬಾಯಿಬಿಟ್ಟಿರಲಿಲ್ಲ. ಅಂಚಿನ ಮಾತನ್ನು ಅವರು ಅಲ್ಲಿಯೂ ಕಾಯ್ದಿದ್ದರು.

ದೊಡ್ಡಮ್ಮ ಮೊರ ಚಾಚಿದಳು. "ತಕೋ. ತಡ ಆಯ್ತು."

ಆಕೆ ಮೊರವನ್ನು ಬಿಸಿಲಿಗೆ ಎತ್ತಿ ಹಿಡಿದು ಒಳಮೈ ನೋಡಿದಳು, ತಿರುಗಿಸಿ ಹೊರಮೈ ನೋಡಿದಳು. ಉಗುರಿನಿಂದ ಒಂದು ಕಡೆ ಕೆರೆದು ನೋಡಿದಳು. ಒಂದು ಅಕ್ಷರವೂ ಇರಲಿಲ್ಲ. ಪ್ಲಾಸ್ಟಿಕ್ ಮೊರದಲ್ಲಿದ್ದ ಕಾಳನ್ನು ಇದಕ್ಕೆ ಸುರಿದುಕೊಂಡು ನಾಲ್ಕು ಸಲ ಕೇರಿದಳು. ಒಂದು ಕಾಳೂ ಸೋರಲಿಲ್ಲ.

"ಕೂತ್ಕೋ ಅಕ್ಕ," ಎಂದಳು.

ದೊಡ್ಡಮ್ಮ ಕೂತಳು. ನಾನೂ ಕೂರಲೆಂದು ಸೀರೆ ಒಟ್ಟುಮಾಡಿಕೊಂಡೆ. ಆಕೆ ದೊಡ್ಡಮ್ಮನ ಕಡೆ ಬಾಗಿ ಏನೋ ಹೇಳಲು ಬಾಯಿ ತೆರೆದವಳು, ನನ್ನನ್ನು ನೋಡಿ ನಿಲ್ಲಿಸಿ, ಕಾಳಿನಲ್ಲಿ ಕಲ್ಲು ಹುಡುಕತೊಡಗಿದಳು. ಕಲ್ಲಿರಲಿಲ್ಲ. ದೊಡ್ಡಮ್ಮ ನನ್ನ ಕಡೆ ತಿರುಗಿ, ಕೋಪವಿಲ್ಲದೆ, ಬಾಗಿಲಲ್ಲಿ ನಿಂತ ನೆಂಟರಿಗೆ ಹೇಳುವಷ್ಟೇ ಮರ್ಯಾದೆಯಿಂದ ಹೇಳಿದಳು:

"ನೀನು ಒಸಿ ಆಚ್ಗೋಗಿರು ಮಗ."

ಆಚೆ ಹೋದೆ. ಬೀದಿಯ ಬೇವಿನ ಮರದ ಕೆಳಗೆ ಉಳಿದ ನಾಲ್ಕು ಮೊರ ಹಿಡಿದುಕೊಂಡು ನಿಂತೆ. ಒಳಗಿನಿಂದ ಕಾಳು ಕೇರುವ ಸದ್ದು ಬರುತ್ತಿತ್ತು. ಅದರ ಅಡಿಯಲ್ಲಿ ಇಬ್ಬರ ಮೆಲುದನಿ. ಮಾತು ಕೇಳಿಸುವಷ್ಟು ಹತ್ತಿರದಲ್ಲೇ ಇದ್ದೆ. ಇನ್ನೂ ಹತ್ತು ಹೆಜ್ಜೆ ದೂರ ಹೋಗಿ ನಿಂತುಕೊಂಡೆ.